ಬೆನ್ನು ತಿರುಗಿಸಿ ಕೂತ ಮೇಷ್ಟ್ರು

ಕಳೆದ ಭಾನುವಾರ ನಾದಿನಿಯ ಮಗಳ ಸೈಕಲ್ಲು ಪಂಕ್ಚರ್ ಆಯಿತು. ರಜೆಗೆಂದು ಕೊಳ್ಳೇಗಾಲದ ನಮ್ಮ ಮನೆಗೆ ಬಂದಿದ್ದ ಎಂಟು ವರ್ಷದ ಹುಡುಗಿ, ರಜೆಯೇ ಮುಳುಗಿಹೋದಂತೆ ಮುಖ ಮಾಡಿಕೊಂಡಳು. ಸರಿ, ಅವಳು ಸೈಕಲ್ ತಳ್ಳಿಕೊಂಡು, ನಾನು ನಮ್ಮ ನಾಯಿ ಚುಕ್ಕಿಯ ಹಗ್ಗ ಹಿಡಿದುಕೊಂಡು ಸೈಕಲ್ ಶಾಪಿಗೆ ಹೋದೆವು. ಅಂಗಡಿಯವರು ಟ್ಯೂಬಿನ ತೂತಿನ ಸುತ್ತ ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ನನ್ನ ಮೂಗಿಗೆ ತಾಗುವ ಮೊದಲೇ ಚುಕ್ಕಿ ಕಿವಿ ನೆಟ್ಟಗೆ ಮಾಡಿದಳು. ಬಾಲ ಆಡಿಸುತ್ತ ಬೆಂಚಿನ ಕೆಳಗೆ ನೋಡಿದಳು, ಟಯರುಗಳ ಹಿಂದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು... ಅವಳು ಯಾರನ್ನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ನಾವು ಅವರನ್ನು ಪಂಕ್ಚರ್ ಮಾವ ಎನ್ನುತ್ತಿದ್ದೆವು. ಕುಂತೂರಿನ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯ ಬದಿಯಲ್ಲಿ, ಒಂದು ಬೇವಿನ ಮರದ ಕೆಳಗೆ ಅವರ ತಗಡಿನ ಅಂಗಡಿ ಇತ್ತು. ಅವರ ಬಗ್ಗೆ ಹೇಳುವ ಮೊದಲು ನಮ್ಮ ಮನೆಯವರ ದಡ್ಡತನದ ಬಗ್ಗೆ ಹೇಳಬೇಕು.

ಚುಕ್ಕಿ ಜರ್ಮನ್ ಶೆಫರ್ಡ್. ಪೊಲೀಸರು ಸಾಕುವ ಜಾತಿ. ಕೆಲಸ ಮಾಡಲೆಂದೇ ಹುಟ್ಟಿದ್ದು. ನನ್ನ ಯಜಮಾನರ ಸ್ನೇಹಿತರೊಬ್ಬರು ಮರಿಯನ್ನು ಒಂದು ಕೈಚೀಲದಲ್ಲಿ ತಂದು ಕೊಟ್ಟಿದ್ದರು. ಗುಂಡುಗುಂಡಾಗಿ, ಕರಿ ಬೆಣ್ಣೆಯ ಮುದ್ದೆಯಂತಿದ್ದ ಮರಿಯನ್ನು ನೋಡಿದ ಕೂಡಲೇ ನಮ್ಮ ಅತ್ತೆ ಮೊದಲು ಮಾಡಿದ ಕೆಲಸ, ಬಾಗಿಲು ಹಾಕಿದ್ದು. ಎರಡನೆಯದು, ಹಣೆಗೆ ದೃಷ್ಟಿಬೊಟ್ಟು ಇಟ್ಟದ್ದು. ಕರಿ ಮರಿಗೆ ಕರಿ ಬೊಟ್ಟು! ಯಾರಿಗೂ ಕಾಣದ ಆ ಬೊಟ್ಟಿನಿಂದಲೇ ಅವಳಿಗೆ ಚುಕ್ಕಿ ಎಂದು ಹೆಸರಾಯಿತು.

"ಕಣ್ಣು ಬಿದ್ರೆ ಕಲ್ಲೂ ಸೀಳ್ತದೆ ಕಣವ್ವ. ಇದ್ ನೋಡುದ್ರೆ ರೇಷ್ಮೆ ಉಂಡೆ ಇದ್ದಂಗದೆ," ಎಂದು ಅತ್ತೆ ಎಚ್ಚರಿಸಿದರು. ಬೀದಿಯವರು ಬಂದರೆ ಮರಿಯ ಮೇಲೆ ಟವಲ್ ಬೀಳುತ್ತಿತ್ತು. ಹಾಲಿನವರು ಬಂದರೆ ಬುಟ್ಟಿ ಮುಚ್ಚುತ್ತಿತ್ತು. ಚುಚ್ಚುಮದ್ದುಗಳು ಮುಗಿಯುವವರೆಗೆ ಬೀದಿಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದವರಿಗೂ ತೋರಿಸಬೇಡಿ ಎಂದು ಅವರೇನೂ ಹೇಳಿರಲಿಲ್ಲ. ಆದರೆ ಅತ್ತೆಗೆ ಅಷ್ಟು ಸಾಕಾಯಿತು. ಚುಚ್ಚುಮದ್ದು ಮುಗಿದ ಮೇಲೂ ಟವಲ್ ಏಳಲಿಲ್ಲ. ಪ್ರತಿ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಿದ್ದೆವು. ಮರಿಯೂ ಸೀನುತ್ತಿತ್ತು. "ನೋಡು, ದೃಷ್ಟಿ ಎಷ್ಟಿತ್ತು ಅಂತ," ಎನ್ನುತ್ತಿದ್ದರು ಅತ್ತೆ. ಸುಳ್ಳೇಕೆ ಹೇಳಲಿ, ನಾನೂ ತಡೆಯಲಿಲ್ಲ. ನನಗೂ ಆ ಮರಿ ಅಷ್ಟು ಚೆಂದ ಕಾಣುತ್ತಿತ್ತು.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಚುಕ್ಕಿಯ ಮಟ್ಟಿಗೆ ಈ ಲೋಕದಲ್ಲಿ ಇದ್ದವರು ಮೂರೇ ಜನ: ಅತ್ತೆ, ನಾನು, ನನ್ನ ಯಜಮಾನರು. ನಾಲ್ಕನೆಯವರು ಯಾರೇ ಬಂದರೂ ಅವಳು ನಡುಗುತ್ತಿದ್ದಳು, ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು, ಮಂಚದ ಕೆಳಗಿನಿಂದ ಹಲ್ಲು ಕಿರಿಯುತ್ತಿದ್ದಳು. ಮುದ್ದು ಮಾಡಲು ಕೈ ಚಾಚಿದ ಪಕ್ಕದ ಮನೆಯವರ ಬೆರಳಿಗೆ ಬಾಯಿ ಹಾಕಿಯೂ ಬಿಟ್ಟಳು. ಪುಣ್ಯಕ್ಕೆ ಹಲ್ಲು ಊರಲಿಲ್ಲ.

ಅದೇ ಹೊತ್ತಿಗೆ ನಾದಿನಿ ಬಸುರಿ. ಏಳನೇ ತಿಂಗಳ ಸೀಮಂತ ಮುಗಿಸಿ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅದಕ್ಕೆ ಇನ್ನು ಎರಡು ತಿಂಗಳು. ಯಜಮಾನರು ಒಂದು ರಾತ್ರಿ ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದರು: ಬಾಣಂತಿ, ಕೂಸು ಇರುವ ಮನೆಯಲ್ಲಿ ಇಂಥ ನಾಯಿಯನ್ನು ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲ. ಸರಿಹೋಗದಿದ್ದರೆ ಹನೂರಿನ ಕಡೆ ಅಣ್ಣನ ತೋಟಕ್ಕೆ ಬಿಡೋಣ. ಅಣ್ಣನ ತೋಟ ನನಗೆ ಗೊತ್ತಿತ್ತು. ಅಲ್ಲಿ ಪಂಪ್‌ಸೆಟ್ ಮನೆಯ ಕಂಬಕ್ಕೆ ಒಂದು ಸರಪಳಿ ಯಾವಾಗಲೂ ನೇತಾಡುತ್ತಿತ್ತು. ಆ ಸರಪಳಿಗೆ ಬಿದ್ದ ನಾಯಿ ಮತ್ತೆ ಯಾರ ಮಡಿಲಿಗೂ ಬರುವುದಿಲ್ಲ.

ನಾನು ಪ್ರಾಥಮಿಕ ಶಾಲೆಯ ಟೀಚರು. ಎಂಥ ತೊಂದರೆಗೂ ಎಲ್ಲೋ ಒಂದು ಕ್ಲಾಸು ಇದ್ದೇ ಇರುತ್ತದೆ ಎಂದು ನಂಬಿದವಳು. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಮೈಸೂರಿನಲ್ಲಿ ಮರಿಗಳಿಗೆ ಜನರ, ಬೇರೆ ನಾಯಿಗಳ ರೂಢಿ ಮಾಡಿಸುವ ಭಾನುವಾರದ ಕ್ಲಾಸೊಂದನ್ನು ಪತ್ತೆ ಮಾಡಿದೆ. ನಮ್ಮ ಹಳೆಯ ಓಮ್ನಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಚುಕ್ಕಿ ವಾಂತಿ ಮಾಡಿಕೊಂಡಳು. ಅಲ್ಲಿ ತಲೆಗೆ ರಿಬ್ಬನ್ ಕಟ್ಟಿಸಿಕೊಂಡ ಪುಟಾಣಿ ನಾಯಿಗಳು, ಅವುಗಳ ಜೊತೆ ಬಂದ ಹತ್ತಾರು ಜನ. ಎಲ್ಲರೂ ಒಟ್ಟಿಗೆ ನಮ್ಮ ಮರಿಯ ಮೇಲೆ ಬಗ್ಗಿದರು. ಚುಕ್ಕಿ ಓಮ್ನಿಯ ಕೆಳಗೆ ಸೇರಿದಳು. ಅವಳನ್ನು ಹೊರಗೆ ತರಲು ನನ್ನ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ರಸ್ತೆಯ ಮೇಲೆ ಮಲಗಬೇಕಾಯಿತು.

ಆಮೇಲೆ ಯಳಂದೂರಿನಲ್ಲಿ ಕಾವಲು ನಾಯಿಗಳನ್ನು ತಯಾರು ಮಾಡುವವರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಅವರು ಕೈಗೆ ಗೋಣಿಚೀಲ ಸುತ್ತಿಕೊಂಡು ಬಂದು, "ಈ ಜಾತಿಗೆ ಭಯ ಬಿಡ್ಸಬೇಕು ಅಂದ್ರೆ ಕಚ್ಚೋದು ಕಲಿಸ್ಬೇಕು ಮೇಡಂ," ಎಂದರು. ನಮ್ಮ ಶಾಲೆಗೆ ಒಂದನೇ ತರಗತಿಗೆ ಬರುವ ಮಕ್ಕಳು ಅಮ್ಮನ ಸೆರಗು ಹಿಡಿದು ಅಳುತ್ತವೆ. ಅವುಗಳ ಕೈಗೆ ಕೋಲು ಕೊಟ್ಟು ಹೊಡಿ ಎಂದರೆ ಧೈರ್ಯ ಬರುತ್ತದೆಯೇ? ನಾನು ಚುಕ್ಕಿಯನ್ನು ಎತ್ತಿಕೊಂಡು ನೇರ ಗಾಡಿಯಲ್ಲಿ ಕೂತೆ. ವಾಪಸು ಬರುವಾಗ ಸ್ವಲ್ಪ ದೂರದಲ್ಲೇ ಓಮ್ನಿಯ ಹಿಂದಿನ ಚಕ್ರವೂ ಉಸ್ಸೆಂದಿತು.

ಹಾಗೆ ಸಿಕ್ಕಿದರು ಪಂಕ್ಚರ್ ಮಾವ. ಅರವತ್ತರ ಹತ್ತಿರದ ಮನುಷ್ಯ, ಮಸಿ ಹತ್ತಿದ ಖಾಕಿ ಶರ್ಟು, ಮಡಚಿ ಕಟ್ಟಿದ ಪಂಚೆ. ಚಕ್ರ ಬಿಚ್ಚುತ್ತಿದ್ದವರು ಓಮ್ನಿಯ ಒಳಗಿನಿಂದ ಬಂದ ಗುರ್ರೆನ್ನುವ ಸದ್ದು ಕೇಳಿ ಅತ್ತ ಒಮ್ಮೆ ನೋಡಿ, ತಟ್ಟನೆ ಬೆನ್ನು ತಿರುಗಿಸಿ ಕೂತರು. ಟ್ಯೂಬನ್ನು ನೀರಿನ ಬಾಂಡಲಿಗೆ ಅದ್ದುತ್ತ ನನ್ನನ್ನು ಕೇಳಿದರು: "ಯಾರ್ನೂ ನೋಡಿಲ್ವಾ ಇದು?"

ನಾನು ದೃಷ್ಟಿಬೊಟ್ಟಿನಿಂದ ಗೋಣಿಚೀಲದವರೆಗೆ ಎಲ್ಲ ಹೇಳಿಕೊಂಡೆ. ಅವರು ನಗುತ್ತ ನಗುತ್ತ ಟ್ಯೂಬಿನ ಮೇಲೆ ಸಲ್ಯೂಷನ್ ಸವರಿದರು.

"ನಮ್ಮಪ್ಪ ಕುರಿ ಮಂದೆ ಮಡಗಿದ್ರು ಟೀಚರಮ್ಮ. ಕಾವಲಿಗೆ ಅಂತ ನಾಯಿಮರಿ ತಂದ್ರೆ ನಾವ್ಯಾರೂ ಮುದ್ದಾಡ್ತಿರ್ಲಿಲ್ಲ. ಮಂದೆ ಒಳಕ್ಕೆ ಬುಡೋದು, ಅಷ್ಟೇಯ. ಕುರಿಗೋಳು ತಿರುಗಿ ಸೈತ ನೋಡಾಕಿಲ್ಲ, ಅವ್ಗಳ ಪಾಡಿಗೆ ಅವು ಮೇಯ್ತಾವೆ. ಯಾರೂ ನೋಡ್ದೆ ಇದ್ರೆ ಮರಿಗೆ ತಾನಾಗೇ ನೋಡೋ ಧೈರ್ಯ ಬತ್ತದೆ. ದಿನಾ ಸಾಯಂಕಾಲ ಇಲ್ಲಿಗೆ ಕರ್ಕಬನ್ನಿ. ನಿಮ್ ನಾದಿನಿ ಬರಾಕೆ ಇನ್ನೂ ಎರಡು ತಿಂಗ್ಳು ಅದಲ್ವಾ, ಸಾಕು."

ಇಷ್ಟೇ ಅವರ ಪಾಠ. ಆದರೆ ಆ ಶಾಲೆಯನ್ನು ನೀವು ನೋಡಬೇಕಿತ್ತು! ಕಬ್ಬು ಅರೆಯುವ ಕಾಲ. ಬೆಟ್ಟದಂತೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಗಡಗಡ ಎನ್ನುತ್ತ ಬರುತ್ತಿದ್ದವು, ಕಂಪ್ರೆಸರ್ ಅರಚುತ್ತಿತ್ತು, ಗಾಳಿ ಹಿಡಿಸಲು, ಚಕ್ರ ಬಿಚ್ಚಿಸಲು, ಸುಮ್ಮನೆ ಹರಟಲು ಜನ ಬರುತ್ತಲೇ ಇರುತ್ತಿದ್ದರು. ಬಂದವರಿಗೆಲ್ಲ ಮಾವನದು ಒಂದೇ ಆಜ್ಞೆ: "ಲೇ, ಆ ಕಡೀಕ್ ತಿರ್ಕಂಡು ಕುಂತ್ಕಳ್ರಲಾ. ಮರಿ ಕಡೆ ನೋಡ್ದೋರಿಗೆ ಗಾಳಿ ಇಲ್ಲ." ತಮಿಳುನಾಡಿನ ಗಡಿಯ ಕಡೆಯಿಂದ ಬಂದ ಡ್ರೈವರೊಬ್ಬ ತನ್ನ ಜೊತೆಗಾರನಿಗೆ "ತಿರುಂಬಿ ಉಕ್ಕಾರುಡಾ" ಎಂದು ತಮಿಳಿನಲ್ಲಿ ತಿಳಿಸಿ ಹೇಳಿದ. ಕಟ್ಟುಮಸ್ತಾದ ಐದಾರು ಡ್ರೈವರುಗಳು ಸಾಲಾಗಿ ಬೇವಿನ ಮರಕ್ಕೆ ಮುಖ ಮಾಡಿ ಕೂತು ಟೀ ಕುಡಿಯುತ್ತಿದ್ದರು. ನನ್ನ ತರಗತಿಯ ಮಕ್ಕಳು ಒಂದು ದಿನವೂ ಅಷ್ಟು ಶಿಸ್ತಿನಿಂದ ಕೂತಿದ್ದಿಲ್ಲ.

ಮೊದಲ ವಾರ ಚುಕ್ಕಿ ಗಾಡಿ ಬಿಟ್ಟು ಇಳಿಯಲಿಲ್ಲ. ನಾನು ಚಡಪಡಿಸಿದರೆ ಮಾವ, "ಊರಿಗೆ ಬಂದೋಳು ನೀರಿಗೆ ಬರ್ದೆ ಇದ್ದಾಳಾ, ಬುಡಿ," ಎನ್ನುತ್ತಿದ್ದರು. ಎರಡನೇ ವಾರ ಇಳಿದಳು. ಆಮೇಲೆ ಒಂದು ಬೆನ್ನಿನ ಹತ್ತಿರ ಹೋಗಿ ಮೂಸಿ, ಓಡಿ ಬಂದು ನನ್ನ ಕಾಲಿನ ಮಧ್ಯೆ ಅಡಗಿದಳು. ಆ ಬೆನ್ನಿನ ಡ್ರೈವರು ಟೀ ಲೋಟ ಹಿಡಿದ ಕೈ ಅಲುಗಿಸದೆ, "ಮೂಸ್ತು ಕಣ್ರಿ, ನನ್ನೇ ಮೂಸ್ತು!" ಎಂದು ಪಿಸುಗುಟ್ಟಿದ. ಮಿಕ್ಕವರಿಗೆ ಹೊಟ್ಟೆಕಿಚ್ಚು.

ನಮ್ಮ ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ನನಗೆ ಭಯವಿತ್ತು. ಮರಿಯನ್ನು ಊರ ಜನರ ಮುಂದೆ, ಅದೂ ರಸ್ತೆಯಲ್ಲಿ! ಒಂದು ದಿನ ಅವರೇ ಹಟ ಹಿಡಿದು ಗಾಡಿ ಹತ್ತಿದರು. ಅಂಗಡಿಯ ಮುಂದೆ ಇಳಿದು, ಸಾಲಾಗಿ ಬೆನ್ನು ಮಾಡಿ ಕೂತ ಗಂಡಸರನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತರು. ಯಾರೂ ಮರಿಯನ್ನು ನೋಡುತ್ತಿಲ್ಲ! ಅತ್ತೆಯ ಮುಖ ಅರಳಿತು.

"ನೋಡವ್ವ, ದೊಡ್ಡೋರು ಇದ್ದ ಕಡೆ ಎಂಗೆ ಅಚ್ಚುಕಟ್ಟು ಇರ್ತದೆ. ಒಬ್ರ ಕಣ್ಣೂ ಬೀಳ್ದಂಗೆ ನೋಡ್ಕಂಡವ್ರೆ," ಎಂದರು. ಮಾವ ನನ್ನತ್ತ ನೋಡಿ ಮೀಸೆಯಲ್ಲೇ ನಕ್ಕರು. ಮಾರನೆಯ ದಿನದಿಂದ ಅತ್ತೆ ಒಂದು ಡಬ್ಬಿ ಕಜ್ಜಾಯ ಕಟ್ಟಿಕೊಡತೊಡಗಿದರು.

ಎಲ್ಲ ಸರಿಹೋಯಿತು ಎನ್ನುವಾಗಲೇ ಒಂದು ಸಂಜೆ ಟ್ರ್ಯಾಕ್ಟರಿನ ಟಯರೊಂದು ಢಮಾರೆಂದು ಸಿಡಿಯಿತು. ಚುಕ್ಕಿ ಹಗ್ಗ ಕಿತ್ತುಕೊಂಡು ರಸ್ತೆ ದಾಟಿ ಕಬ್ಬಿನ ಗದ್ದೆಯೊಳಗೆ ನುಗ್ಗಿದಳು. ನಾನು ಕೂಗಿಕೊಂಡೆ. ಡ್ರೈವರುಗಳೆಲ್ಲ ಎದ್ದರು. "ಯಾರೂ ಓಡ್ಬ್ಯಾಡಿ! ಅಟ್ಟುಸ್ಕಂಡು ಓಡುದ್ರೆ ಕೈಗೆ ಸಿಗಾಕಿಲ್ಲ," ಎಂದು ಮಾವ ಗದರಿಸಿದರು. ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ, ತಾವು ಗದ್ದೆಯ ಬದುವಿನ ಮೇಲೆ ಕಬ್ಬಿಗೆ ಬೆನ್ನು ಮಾಡಿ ಕೂತು, ಒಂದು ಟ್ಯೂಬ್ ತರಿಸಿಕೊಂಡು ಉಪ್ಪುಕಾಗದ ಉಜ್ಜತೊಡಗಿದರು. ಪಕ್ಕದಲ್ಲಿ ಸಲ್ಯೂಷನ್ ಡಬ್ಬಿ ತೆರೆದಿಟ್ಟರು. ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನ್ ಮಾಡಲಿಲ್ಲ. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಎಷ್ಟು ಹೊತ್ತಾಯಿತೋ... ಕಬ್ಬಿನ ಗರಿ ಸರಸರ ಎಂದಿತು. ಮೊದಲು ಮೂಗು, ಆಮೇಲೆ ಕಿವಿ. ಚುಕ್ಕಿ ಹೆಜ್ಜೆ ಹೆಜ್ಜೆ ಇಟ್ಟು ಬಂದು, ನನ್ನ ಹತ್ತಿರ ಅಲ್ಲ, ನೇರವಾಗಿ ಆ ಖಾಕಿ ಬೆನ್ನಿಗೆ ತಲೆ ಒತ್ತಿ ನಿಂತಳು. ಮಾವ ತಿರುಗಲಿಲ್ಲ. ಟ್ಯೂಬು ಉಜ್ಜುತ್ತಲೇ ಇದ್ದರು.

"ಟೀಚರಮ್ಮ, ನಾ ನೋಡಂಗಿಲ್ಲ. ಬಾಲ ಅಲ್ಲಾಡುಸ್ತಾ ಅದಾ? ವಸಿ ನೋಡಿ ಯೋಳಿ," ಎಂದರು.

ಅಲ್ಲಾಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರುಗಳು ಒಟ್ಟಿಗೆ ಕೂಗಿ ಹೇಳಿದರು.

ನಾದಿನಿ ಬಂದ ದಿನ ಅವಳ ಜೊತೆ ಬೀಗರ ಕಡೆಯ ಏಳೆಂಟು ಜನ. ಅತ್ತೆ ಬಾಗಿಲಲ್ಲೇ ನಿಂತು ಹುಕುಂ ಹೊರಡಿಸಿದರು: ಎಲ್ಲರೂ ಗೋಡೆಗೆ ಮುಖ ಮಾಡಿ ಕೂರಬೇಕು. ರೇಷ್ಮೆ ಸೀರೆ ಉಟ್ಟ ಬೀಗಿತಿ ಬೇರೆ ದಾರಿಯಿಲ್ಲದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಪಾನಕ ಕುಡಿದರು. ಚುಕ್ಕಿ ಒಬ್ಬೊಬ್ಬರನ್ನೇ ಮೂಸಿ, ಹಾಜರಿ ತೆಗೆದುಕೊಂಡು, ಕೊನೆಗೆ ನಾದಿನಿಯ ಪಾದದ ಮೇಲೆ ಗದ್ದ ಇಟ್ಟು ಮಲಗಿದಳು. ಯಜಮಾನರು ನನ್ನತ್ತ ನೋಡಿದರು. ಹನೂರಿನ ತೋಟದ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಆಮೇಲೂ ಆಗಾಗ ಅಂಗಡಿಗೆ ಹೋಗುತ್ತಿದ್ದೆವು. ನಾದಿನಿಯ ಮಗು, ಶಾಲೆ, ಅತ್ತೆಯ ಮಂಡಿನೋವು ಎಂದು ಹೋಗುವುದು ಕಡಿಮೆಯಾಯಿತು. ಗಾಡಿಗಳಿಗೆ ಟ್ಯೂಬಿಲ್ಲದ ಟಯರುಗಳು ಬಂದವು. ಒಮ್ಮೆ ಯಾರದೋ ಕೈಲಿ ಮಾವ ಹೇಳಿ ಕಳಿಸಿದ್ದರು, ಮರಿಯನ್ನು ಒಂದು ಸಲ ಕರೆದುಕೊಂಡು ಬರಬೇಕಂತೆ ಎಂದು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಹೋದಾಗ ಅಂಗಡಿಯ ಬಾಗಿಲು ಹಾಕಿತ್ತು. ಮನೆ ಹುಡುಕಿಕೊಂಡು ಹೋದರೆ ಅವರ ಮನೆಯಾಕೆ, "ಟೀಚರಮ್ಮನ ಮರಿ ಬತ್ತದೆ ಅಂತಿದ್ರು ಕಣವ್ವ. ತಿರುಗಿ ನೋಡ್ಬ್ಯಾಡಿ, ಅದಾಗೇ ಬತ್ತದೆ ಅಂತ ನಮಗೂ ಯೋಳೋರು," ಎಂದರು. ಮಾವ ತೀರಿಕೊಂಡು ಹದಿನೈದು ದಿನವಾಗಿತ್ತು... ಆ ಹದಿನೈದು ದಿನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಭಾನುವಾರ ಸೈಕಲ್ ಶಾಪಿನಲ್ಲಿ ಚುಕ್ಕಿ ಹುಡುಕಿ ಹುಡುಕಿ ಸುಮ್ಮನಾದಳು. ಒಂಬತ್ತಾಗುತ್ತ ಬಂತು ಅವಳಿಗೆ; ಮೂತಿಯೆಲ್ಲ ನರೆತಿದೆ. ಅಷ್ಟರಲ್ಲಿ ಅಂಗಡಿಯ ಮೂಲೆಯ ಟಯರಿನೊಳಗಿನಿಂದ ಒಂದು ಬೀದಿ ನಾಯಿಮರಿ ನಡುಗುತ್ತ ಗುರ್ರೆಂದಿತು. ಚುಕ್ಕಿ ಅದನ್ನೊಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿ, ರಸ್ತೆಗೆ ಮುಖ ಮಾಡಿ ಕೂತುಬಿಟ್ಟಳು.

"ಅತ್ತೆ, ಚುಕ್ಕಿ ಯಾಕೆ ಆ ಕಡೆ ತಿರ್ಕೊಂಡ್ಲು?" ಎಂದಳು ಹುಡುಗಿ.

"ನೋಡ್ಬೇಡ ಪುಟ್ಟಿ. ನೀನೂ ತಿರ್ಕೊಂಡು ಕೂತ್ಕೊ," ಎಂದೆ. ಅವಳು ಕೂತಳು. ಚುಕ್ಕಿಯ ಆ ಪಕ್ಕದಲ್ಲಿ ನಾನೂ ಬೆನ್ನು ತಿರುಗಿಸಿ ಕೂತೆ. ಕಣ್ಣು ಒರೆಸಿಕೊಳ್ಳುವುದಕ್ಕೂ ಅದೇ ಅನುಕೂಲವಾಯಿತು. ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಒಂದು ಪುಟ್ಟ ಒದ್ದೆ ಮೂಗು ತಾಗಿತು.