ರಿಬ್ಬನ್ ಸಾಹೇಬರು
ನಮ್ಮ ಬೀದಿಯ ರಿಬ್ಬನ್ ಸಾಹೇಬರು ದೊಡ್ಡ ಕಂಪನಿಯೊಂದರ ದಾನವಿಭಾಗದ ಮುಖ್ಯಸ್ಥರಾಗಿದ್ದರು. ಕತ್ತರಿ, ಕೆಂಪು ರಿಬ್ಬನ್ನು ಸದಾ ಅವರ ಚೀಲದಲ್ಲಿರುತ್ತಿದ್ದವು. ಹೊಸ ಬಾಗಿಲು ಕಂಡಲ್ಲೆಲ್ಲ ಕೈ ಚೀಲದತ್ತಲೇ ಹೋಗುತ್ತಿತ್ತು. “ಸ್ವಲ್ಪ ನಗಿ ಅಜ್ಜಿ, ಕಂಬಳಿ ಕೊಡ್ತಿದೀವಿ, ಕಿತ್ಕೊಳ್ತಿಲ್ಲ” ಎಂದು ಫೋಟೋಕ್ಕೆ ನಿಂತವರನ್ನು ನಗಿಸುತ್ತಿದ್ದರು. ಯಾರೂ ಬೆರಳು ತೋರಿಸಬಾರದೆಂದು, ಕಂಪನಿಯ ದಾನ ಕಂಪನಿಯವರ ಮನೆಮಂದಿಗೆ ಸಲ್ಲಬಾರದೆಂಬ ನಿಯಮ ಮಾಡಿದವರೂ ಅವರೇ. ಆಮೇಲೆ ಅವರ ಹೆಂಡತಿಯ ಮೂತ್ರಪಿಂಡಗಳು ಕೆಟ್ಟವು. ಕಂಪನಿ ಕೊಟ್ಟ ಡಯಾಲಿಸಿಸ್ ಯಂತ್ರ ಊರಿನ ಆಸ್ಪತ್ರೆಯಲ್ಲೇ ಇತ್ತು. ಆ ಆಸ್ಪತ್ರೆಯ ಬಾಗಿಲ ಮುಂದೆಯೇ ನಿಂತು ಇಬ್ಬರೂ ಬೇರೆ ಊರಿನ ಆಸ್ಪತ್ರೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದರು. “ಒಳಗೆ ಒಂದು ಮಾತು ಕೇಳಬಾರದೇನ್ರೀ?” ಎಂದು ಒಂದು ದಿನ ಆ ದಾರಿಯಲ್ಲಿ ಬಂದ ನಾನು ಸಾಹೇಬರನ್ನು ಕೇಳಿದೆ. ಆಕೆಯೇ ನಕ್ಕು, “ಇವರು ಕಟ್ಟಿದ ರಿಬ್ಬನ್ನು ಮೇಷ್ಟ್ರೇ, ನಾನು ದಾಟೋ ಹಾಗಿಲ್ಲ” ಎಂದು ಗಂಡನ ಭುಜಕ್ಕೆ ಒರಗಿದರು. ಊರನ್ನೆಲ್ಲ ನಗಿಸಿದ ಸಾಹೇಬರಿಗೆ ಆ ನಗುವನ್ನು ನೋಡಲಾಗಲಿಲ್ಲ. ಬಸ್ಸಿನ ಸುಳಿವಿಲ್ಲದ ರಸ್ತೆಯತ್ತ ಮುಖ ತಿರುಗಿಸಿದರು.