ಗೂಡು ಕಟ್ಟದ ಹುಳ

ಮೊನ್ನೆ ಕರಿಬೇವು ಬಿಡಿಸುವಾಗ ಎಲೆಗಂಟಿದ್ದ ಹಸಿರು ಹುಳಕ್ಕೆ ಬೆರಳು ತಾಗಿತು. ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿತು. ಕೊಳೆತ ನಿಂಬೆಯಂಥ ಘಾಟು... ರೇಷ್ಮೆ ಸೀಮೆಯ ವಿಜಯಪುರದಲ್ಲಿ ನಮ್ಮ ಮನೆಯ ಹಿಂದಿನ ಮನೆಯಲ್ಲಿದ್ದ ಅತ್ತೆ ಎದುರಿಗೇ ಬಂದು ನಿಂತಂತಾಯಿತು.

ರಕ್ತಸಂಬಂಧಿಯಲ್ಲ, ಕರೆಯುತ್ತಿದ್ದದ್ದು ಹಾಗೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೂಲಿ ಅವಳದು. ದಿನವಿಡೀ ಗೂಡಿನೊಳಗಿನ ಜೀವ ಬೇಯಿಸುವವಳು, ತನ್ನ ಕರಿಬೇವಿನ ಗಿಡದ ಒಂದು ಹುಳವನ್ನೂ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಎಪ್ಪತ್ತರ ದಶಕ. ಬಿಎಸ್ಸಿ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ನಾನು ಫೇಲಾಗಿದ್ದೆ. ಮೇಜಿನ ಮೇಲೆ ಕಡ್ಡಿಗಂಟಿದ, ಹುಳ ಚಿಟ್ಟೆಯಾಗುವ ಮುಂಚಿನ ಕೋಶವಿತ್ತು, ಸುತ್ತ ಗೂಡಿಲ್ಲ. ರೇಷ್ಮೆಹುಳ ಸಾಕುವ ಮನೆಯವನು ನಾನು. ಗೂಡು ಕಟ್ಟದೆ ಬೆತ್ತಲೆ ಉಳಿದದ್ದನ್ನು ರೋಗದ್ದೆಂದು ಆರಿಸಿ ಎಸೆಯುತ್ತಿದ್ದೆವು. "ರೋಗದ ರೇಷ್ಮೆಹುಳು" ಎಂದು ಬರೆದೆ. ಪರೀಕ್ಷಕರು ಅದನ್ನು ಗಟ್ಟಿಯಾಗಿ ಓದಿದ್ದೇ ಹುಡುಗರೆಲ್ಲ ನಕ್ಕರು. ಆಮೇಲೆ ಆ ನಾಚಿಕೆಯಲ್ಲಿ ಉಳಿದ ಉತ್ತರಗಳನ್ನೂ ಕೆಡಿಸಿದೆ.

"ಇನ್ನೊಂದ್ಸಲ ಫೇಲಾದ್ರೆ ಓದು ಸಾಕು. ಹುಳಕ್ಕೆ ಸೊಪ್ಪು ಕುಯ್ಯಾಕ್ ಬಾ" ಅಂದರು ಅಪ್ಪ.

ಅತ್ತೆಗೆ ಹೇಳಿದರೆ ಅವಳೂ ನಕ್ಕಳು. "ಏನ್ಲಾ ಬಿಎಸ್ಸಿ, ಎಲ್ಲಾ ಹುಳಾನೂ ಮನೆ ಕಟ್ಕಂತದಾ? ಬಾ ಇಲ್ಲಿ."

ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳ, ಬೆಳೆದ ಮೇಲೆ ಅದೇ ಹಸಿರಾಗುವುದು, ಕೊನೆಗೆ ಸೊಂಟಕ್ಕೊಂದೇ ಎಳೆ ಬಿಗಿದುಕೊಂಡು ಹಿಂದಕ್ಕೆ ಬಾಗಿದ ಕೋಶ... ಎಲ್ಲ ತನ್ನ ಕರಿಬೇವಿನ ಗಿಡದಲ್ಲೇ ತೋರಿಸಿದಳು. ಹಸಿರು ಟೊಂಗೆಯಲ್ಲಿ ಹಸಿರು ಕೋಶ, ಒಣಕಡ್ಡಿಯಲ್ಲಿ ಕಂದು.

"ಇವೆರಡೂ ಬೇರೆ ಬೇರೆ ಅಲ್ವಾ ಅತ್ತೆ?"

"ಸೀರೆ ಬೇರೆ ಉಟ್ರೆ ಹೆಂಗ್ಸು ಬೇರೆ ಆಯ್ತಾಳಾ?"

ಕಾದು ನೋಡಿದೆ. ಎರಡರಿಂದಲೂ ಬಿಳಿ ಚುಕ್ಕೆಸಾಲಿನ ಅದೇ ಕಪ್ಪು ಚಿಟ್ಟೆ ಹೊರಬಂತು. ಹೆಸರನ್ನು ಕಾಲೇಜಿನ ಪುಸ್ತಕದಲ್ಲಿ ಹುಡುಕಿಕೊಂಡೆ.

ಮರುಪರೀಕ್ಷೆಯಲ್ಲಿ ಮೇಜಿನ ಮೇಲೆ ಎರಡು ಕೋಶ, ಒಂದು ಹಸಿರು, ಒಂದು ಕಂದು. "ಎಷ್ಟು ಜಾತಿ?" ಎಂದರು ಪರೀಕ್ಷಕರು.

"ಒಂದೇ ಸಾರ್. ಕಾಮನ್ ಮಾರ್ಮನ್."

"ಬಣ್ಣ ಬೇರೆ ಇದೆಯಲ್ಲಪ್ಪಾ, ಇನ್ನೊಂದ್ಸಲ ನೋಡು."

ನಾನು ನೋಡಲಿಲ್ಲ. "ಸೀರೆ ಬೇರೆ ಸಾರ್, ಆಳು ಒಂದೇ" ಎಂದುಬಿಟ್ಟೆ. ಆಮೇಲೆ ಗಾಬರಿಯಾಗಿ ಬಾಗು, ಎಳೆ, ಟೊಂಗೆ ಎಲ್ಲ ವಿವರಿಸಿದೆ. ಪರೀಕ್ಷಕರು ಕನ್ನಡಕ ತೆಗೆದು ನಕ್ಕರು. "ಯಾವ ಪುಸ್ತಕದಲ್ಲಿದೆ ಇದು?"

"ನಮ್ಮನೆ ಹಿಂದಿನ ಮನೇಲಿ ಸಾರ್."

ಪಾಸಾದೆ! ಬಸ್ಸಿಳಿದವನು ಮನೆಗೆ ಹೋಗಲಿಲ್ಲ, ನೂಲು ತೆಗೆಯುವ ಶೆಡ್ಡಿಗೆ ಓಡಿದೆ. ಅತ್ತೆ ಬಿಸಿನೀರಲ್ಲಿ ಸುಕ್ಕುಗಟ್ಟಿ ಬೆಳ್ಳಗಾದ ಬೆರಳು ಒರೆಸಿಕೊಂಡು ಕೇಳಿದಳು, "ಹಂಗಾರೆ ನಾನೂ ಪಾಸಾದ್ನೇನ್ಲಾ?"

"ನೀನು ಫಸ್ಟ್ ಕ್ಲಾಸು ಅತ್ತೆ!" ಶೆಡ್ಡಿನ ಹೆಂಗಸರೆಲ್ಲ ಕೂಗಿ ನಕ್ಕರು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನೇ. ಇವತ್ತಿಗೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಪಾಠ ಹೇಳಿದವರು ಯಾರು ಎಂದು ಮೊಮ್ಮಕ್ಕಳು ಕೇಳಿದರೆ, ಕರೆತಂದು ನಿಲ್ಲಿಸಲು ಅತ್ತೆ ಇಲ್ಲ... ಒಂದು ಫೋಟೋವೂ ಇಲ್ಲ.