ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

ಇವತ್ತು ಪಕ್ಕದ ಮನೆಯಲ್ಲಿ ವೈರ್‌ಮನ್ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ದ. ಒದ್ದೆ ಇದ್ದಿಲಿನ ವಾಸನೆಗೆ ಮಾನ್ವಿ ಊರಿನ ನಮ್ಮ ಮನೆಯ ಹಿತ್ತಲು ನೆನಪಾಯಿತು.

ಅಪ್ಪ ಊರವರ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಸಾಕೆಟ್ಟಿನ ಮೇಲಿನ ದೊಡ್ಡ ತೂತು ತೋರಿಸಿ, "ಇದರ ವೈರು ಹಿತ್ತಲ ಗುಂಡಿಗೆ ಹೋಗ್ತದ, ಸೋರಿದ ಕರೆಂಟು ಮಣ್ಣಿಗಿಳಿಸಿ ಜೀವ ಕಾಯ್ತದ. ಗುಂಡಿ ಒಣಗಬಾರದು, ಸೋಮವಾರಕ್ಕೊಂದು ಕೊಡ ನೀರು ಹಾಕ್ರಿ" ಎನ್ನುತ್ತಿದ್ದ.

ಒಂದು ಬೇಸಿಗೆ ನೀರಿಗೆ ಬರ. ನಮ್ಮ ಗುಂಡಿಯ ಪಾಲಿನ ಕೊಡವನ್ನು ಅವ್ವ ನಮಗೆ ಕುಡಿಯಲು ಇಟ್ಟಳು. ಕಬ್ಬಿಣದ ಟೇಬಲ್ ಫ್ಯಾನಿನಲ್ಲಿ ಸೋರಿದ ಕರೆಂಟನ್ನು ಒಣಗಿದ ಗುಂಡಿ ಎಳೆದುಕೊಳ್ಳಲಿಲ್ಲ. ಫ್ಯಾನ್ ಸರಿಸಲು ಹೋದ ಅಪ್ಪ ಮತ್ತೆ ಏಳಲಿಲ್ಲ.

"ನನ್ನ ಕೈಯಾರೆ ಕೊಂದ್ನಲ್ಲೋ ಯಪ್ಪಾ" ಎಂದು ಅವ್ವ ಅತ್ತಳು. ಮನೆಯ ಕರೆಂಟು ತೆಗೆಸಿ, ಚಿಮಣಿ ದೀಪ ಹಚ್ಚಿದಳು. ಆದರೂ ಸಾಯುವತನಕ ಆ ಗುಂಡಿಗೆ ದಿನಾ ನೀರು ಹಾಕಿದಳು.

"ಸಾಕ್ರೀ, ತುಂಬ್ಯಾದ" ಎಂದ ವೈರ್‌ಮನ್. ನಾನು ನಮ್ಮ ಮನೆಯಿಂದ ಇನ್ನೊಂದು ಕೊಡ ನೀರು ತಂದೆ.